ಹೊಟ್ಟೆಗೆ ಕಿವಿಯಿಡುವ ಊರು

ನಮ್ಮ ಊರಿನಲ್ಲಿ ನೆಗಡಿಯಾದವನು ಒಬ್ಬನೇ ಕೂತಿದ್ದರೂ ಇಬ್ಬರು ಕೂತು ವಾದ ಮಾಡುತ್ತಿರುವಂತೆ ಕೇಳಿಸುತ್ತದೆ. ಅವನು ಬಾಯಿ ಮುಚ್ಚಿಕೊಂಡಿದ್ದರೂ ಅವನ ಮೂಗು ಅವನದೇ ದನಿಯಲ್ಲಿ, ತುಸು ಸಣ್ಣಗೆ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿರುತ್ತದೆ. ವೈರಸ್ಸಿಗೆ ಸ್ವಂತ ಮನೆಯಿಲ್ಲ, ಸ್ವಂತ ಒಲೆಯಿಲ್ಲ, ಸ್ವಂತ ದನಿಯೂ ಇಲ್ಲ. ಹೊಕ್ಕ ಜೀವಕೋಶದ ಸಾಮಾನು ಸರಂಜಾಮನ್ನೇ ಎತ್ತಿಕೊಂಡು ತನ್ನಂಥವನ್ನು ಅಚ್ಚುಹಾಕುವುದು ಅದರ ಕಸುಬು. ದನಿಯನ್ನೂ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಒಮ್ಮೆ ವಕೀಲ ಬಾಳಣ್ಣನವರಿಗೆ ಫ್ಲೂ ಬಂದಾಗ ಅವರ ಎದೆ ಕೋರ್ಟಿನಲ್ಲಿ ಅವರಿಗಿಂತ ಮೊದಲೇ 'ಮಹಾಸ್ವಾಮಿ, ಮಹಾಸ್ವಾಮಿ, ಮಹಾಸ್ವಾಮಿ' ಎಂದು ಶುರುಮಾಡಿತು. ಇಬ್ಬರಲ್ಲಿ ಯಾರಾದರೂ ಒಬ್ಬರು ಕೂತುಕೊಳ್ಳಿ ಎಂದು ನ್ಯಾಯಾಧೀಶರು ಆದೇಶ ಮಾಡಬೇಕಾಯಿತು.

ಬ್ಯಾಕ್ಟೀರಿಯಾಗಳ ಗತ್ತೇ ಬೇರೆ. ಕುರುವಿನೊಳಗೆ ಅವು ಸಭೆಗೆ ಬಂದ ಹಿರಿಯರು ಗಂಟಲು ಸರಿಮಾಡಿಕೊಂಡಂತೆ ಕೆಮ್ಮುತ್ತವೆ. ಆಮಶಂಕೆಯಲ್ಲಿ ಹಲಗೆ ಬಾರಿಸುತ್ತವೆ. ನಾಯಿಕೆಮ್ಮಿನಲ್ಲಿ, ಶ್ವಾಸನಾಳವನ್ನು ಗುಡಿಸುವ ಸಣ್ಣ ರೋಮಗಳ ಕೈಯಿಂದ ಕಸಬರಿಗೆ ಕಸಿದುಕೊಂಡವರಂತೆ ಕಿಸಿಕಿಸಿ ನಗುತ್ತವೆ. ಕ್ಷಯದ್ದು ಬೀಸುವ ಕಲ್ಲಿನ ಸದ್ದು, ಅದೂ ಬಲು ನಿಧಾನ, ಬೀಸುವವರಿಗೆ ಯಾವ ಅವಸರವೂ ಇಲ್ಲವೆಂಬಂತೆ. ಇವನ್ನೆಲ್ಲ ಊರಿನವರು ಒಟ್ಟಾಗಿ 'ಒಳಗಿನ ಮಂದಿ' ಎನ್ನುತ್ತಾರೆ. ಬೆಳಿಗ್ಗೆ ಎದುರಾದವರು ಆರಾಮಿದ್ದೀರಾ ಎಂದು ಕೇಳುವುದಿಲ್ಲ, "ಮಂದಿ ಏನಂತಾರ್ರಿ?" ಎನ್ನುತ್ತಾರೆ. "ಗಪ್ಪದಾರ್ರಿ" ಎಂದು ಉತ್ತರ ಬಂದರೆ ಇಬ್ಬರೂ ಸಮಾಧಾನದಿಂದ ಮುಂದೆ ಹೋಗುತ್ತಾರೆ. ಬಸ್ಸು ಹತ್ತುವ ಮೊದಲು ಕಂಡಕ್ಟರು ಎದೆಗೆ ಕಿವಿಯಿಡುತ್ತಾನೆ. ಹೆಣ್ಣು ನೋಡಲು ಬಂದ ಬೀಗರು ಉಪ್ಪಿಟ್ಟು ತಿನ್ನುವ ಮೊದಲು ಒಬ್ಬರ ಹೊಟ್ಟೆಗೆ ಒಬ್ಬರು ಕಿವಿಯಿಟ್ಟು ಸರದಿಯಂತೆ ಬಾಗುತ್ತಾರೆ. ದೂರದಿಂದ ನೋಡಿದವರಿಗೆ ಅದು ಎರಡು ಮನೆತನಗಳ ನಡುವೆ ನಡೆದ ವಿಚಿತ್ರ ಕುಸ್ತಿಯಂತೆ ಕಾಣುತ್ತದೆ.

ನಾನು ಇಂದುಧರ. ಹೊರಗಿನ ದೊಡ್ಡ ಊರಿಗೆ ಹೋಗಿ ಸೂಕ್ಷ್ಮಜೀವಿಶಾಸ್ತ್ರ ಓದಿದವನು. ಅಲ್ಲಿಯ ರೋಗಾಣುಗಳು ಒಂದು ಸದ್ದೂ ಮಾಡದೆ ಗಾಜಿನ ತಟ್ಟೆಯಲ್ಲಿ ಬೆಳೆಯುವುದನ್ನು ಕಂಡು, ಜಾತ್ರೆಯ ನಾಟಕವನ್ನು ಕಿವಿಗೆ ಹತ್ತಿ ತುರುಕಿಕೊಂಡು ನೋಡಿದಂತಾಗಿತ್ತು. ಆದರೆ ಅಲ್ಲಿ ಕಲಿತದ್ದು ಊರಿಗೆ ಬಂದ ಮೇಲೆ ಉಪಯೋಗಕ್ಕೆ ಬಂತು. ಬ್ಯಾಕ್ಟೀರಿಯಾಗಳು ಒಳಗೆ ಹೊಕ್ಕ ಕೂಡಲೇ ಗದ್ದಲ ಮಾಡುವುದಿಲ್ಲ. ಒಂದಕ್ಕೊಂದು ಪಿಸುಗುಟ್ಟುತ್ತ ಎಣಿಕೆ ಹಾಕುತ್ತವೆ. ಸಾಕಷ್ಟು ಜನ ಸೇರಿದೆವು ಎಂದು ಗೊತ್ತಾದ ಮೇಲೆಯೇ ಒಟ್ಟಿಗೆ ವಿಷ ಬಿಡುತ್ತವೆ. ನಮ್ಮ ಪುರಸಭೆಯಲ್ಲಿ ಕೋರಂ ಆದ ಮೇಲೆ ಕೆಲಸ ನಿಲ್ಲುತ್ತದೆ, ಅಲ್ಲಿ ಕೋರಂ ಆದ ಮೇಲೆ ಶುರುವಾಗುತ್ತದೆ, ಅಷ್ಟೇ ವ್ಯತ್ಯಾಸ. ಆ ಪಿಸುಮಾತಿನ ಹಂತದಲ್ಲೇ ರೋಗವನ್ನು ಹಿಡಿಯುವುದಕ್ಕಾಗಿ ಪುರಸಭೆ ನನ್ನನ್ನು ಶ್ರವಣಾಧಿಕಾರಿಯೆಂದು ನೇಮಿಸಿತು. ಮಂದಿ ನನ್ನನ್ನು ಕಿವಿ ಸಾಹೇಬ ಎನ್ನುತ್ತಾರೆ.

ನನಗಿಂತ ದೊಡ್ಡ ಕಿವಿ ನನ್ನ ದೊಡ್ಡವ್ವನದು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದ ದುಂಡವ್ವ, ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಾಳೆ. ಅದರ ಬಾಗಿಲಲ್ಲಿ ಒಂದು ಮಣೆ. ಉಣ್ಣಲು ಬಂದವರು ಮಣೆಯ ಮೇಲೆ ನಿಂತು ಅಂಗಿ ಎತ್ತಬೇಕು. ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಹೊಟ್ಟೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಕಲ್ಲಂಗಡಿ ಆರಿಸುವವಳ ಗಾಂಭೀರ್ಯದಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ. "ಹಲಗಿ ಬಾರಸಾಕತ್ತಾರಲ್ಲೋ ನಿನ್ನ ಹೊಟ್ಟ್ಯಾಗ! ಮನೀಗೆ ನಡಿ, ಗಂಜಿ ಕಳಸ್ತೀನಿ" ಎಂದರೆ ಮುಗಿಯಿತು, ಶಾಸಕರಾದರೂ ಮಣೆಯಿಂದ ಇಳಿದು ಮನೆಗೆ ಹೋಗಬೇಕು.

ಆದರೆ ಮಂದಿ ಖಾನಾವಳಿಗೆ ಬರುತ್ತಿದ್ದದ್ದು ರೊಟ್ಟಿಗಾಗಿ ಎಷ್ಟೋ, ದೊಡ್ಡವ್ವನ ಗುನುಗಿಗಾಗಿಯೂ ಅಷ್ಟೇ. ಮಣ್ಣಿನ ಕೊಡದಲ್ಲಿ ಜೇನುಹುಳ ಸಿಕ್ಕಿಕೊಂಡಂಥ ತುಂಬು ದನಿ. ಹಾಡು ಮೆಲ್ಲಗೆ ಮೇಲೇರಿ, ಮೇಲೆಯೇ ಸ್ವಲ್ಪ ಹೊತ್ತು ಕೂತು, ಮಂಡಿನೋವಿನ ಮುದುಕಿ ಮೆಟ್ಟಿಲಿಳಿಯುವಂತೆ ಒಂದೊಂದಾಗಿ ಕೆಳಗಿಳಿಯುತ್ತಿತ್ತು. ದೊಡ್ಡವ್ವ ಆ ಲಯಕ್ಕೆ ರೊಟ್ಟಿ ಬಡಿಯುತ್ತಿದ್ದಳು, ಮಂದಿ ಆ ಲಯಕ್ಕೆ ತುತ್ತು ಮುರಿಯುತ್ತಿದ್ದರು. ಸಿಟ್ಟಿನಿಂದ ಬಂದವರು ಎರಡನೆಯ ರೊಟ್ಟಿಗೆ ತಣ್ಣಗಾಗುತ್ತಿದ್ದರು. ದೊಡ್ಡಪ್ಪ ತೀರಿಕೊಂಡಾಗಲೂ ಆ ಗುನುಗು ನಿಂತಿರಲಿಲ್ಲವಂತೆ; ಎಂಥ ಗಟ್ಟಿ ಹೆಂಗಸು ಎಂದು ಊರು ಬೆರಗಾಗಿತ್ತು.

ದಿನವೂ ತಪ್ಪದೆ ಬರುತ್ತಿದ್ದವರು ಅಡಿವೆಪ್ಪ ಮಾಸ್ತರರು. ನಿವೃತ್ತ ಚಿತ್ರಕಲಾ ಶಿಕ್ಷಕರು, ಹೆಂಡತಿ ಮಕ್ಕಳಿಲ್ಲ, ಮಾತು ಬಹಳ. ಮಣೆಯ ಮೇಲೆ ನಿಂತು ಅಂಗಿ ಎತ್ತುವಾಗ ಪ್ರತಿದಿನ ಒಂದು ಹೊಸ ಮಾತು ಬೇಕು ಅವರಿಗೆ. "ದುಂಡವ್ವ, ಕಿವಿ ಹೊಟ್ಟಿಗೆ ಇಡ್ತಿ, ಸ್ವಲ್ಪ ಮ್ಯಾಲ ಇಟ್ರ ಎದಿ ಏನಂತೈತಿ ಅಂತನೂ ಕೇಳಸ್ತಿತ್ತು."

"ನಿಮ್ಮ ಎದೀ ಸುದ್ದಿ ಡಾಕ್ಟರಿಗೆ ಹೇಳ್ರಿ ಮಾಸ್ತರ. ನಂದು ಬರೇ ಹೊಟ್ಟಿ ಖಾತೆ."

ಈ ಬೇಸಿಗೆಯ ಎಡವಟ್ಟು ಶುರುವಾದದ್ದು ಮಾಸ್ತರರ ನಾಲಿಗೆಯಿಂದಲೇ. "ನೀ ಎಲ್ಲಾ ಬೆಂಕಿಗೆ ಹಾಕೇ ಕೊಡ್ತಿ. ಇಂಥಾ ಬಿಸಲಾಗ ಹಸೀದು ಏನಾರ ತಿನ್ನಸಬಾರದೇನು?" ಎಂದರು ಅವರು.

"ಹುಲ್ಲು ತರಸ್ಲೇನ್ರಿ?" ಎಂದಳು ದೊಡ್ಡವ್ವ. ಆದರೆ ಮರುದಿನ ರೊಟ್ಟಿಯ ಪಕ್ಕದಲ್ಲಿ ಪಚಡಿ ಬಂತು. ಸೌತೆಕಾಯಿ, ಎಳೆ ಮೆಂತ್ಯ, ಉಳ್ಳಾಗಡ್ಡಿ, ಮೇಲೆ ಶೇಂಗಾ ಪುಡಿ, ಎಲ್ಲವನ್ನೂ ದೊಡ್ಡವ್ವ ಕೈಯಾರೆ ಕಲಸಿದ್ದಳು. ಮಾಸ್ತರರು ಮೂರು ಸಲ ಹಾಕಿಸಿಕೊಂಡರು. ಅಲ್ಲಿಂದ ಪಚಡಿಯಿಲ್ಲದೆ ಊರಿಗೆ ರೊಟ್ಟಿ ಇಳಿಯದಂತಾಯಿತು.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಟೇಲರ್ ವಿಠೋಬ ಓಡುತ್ತ ನನ್ನ ಕಚೇರಿಗೆ ಬಂದು, ನಮಸ್ಕಾರವನ್ನೂ ಹೇಳದೆ ಅಂಗಿ ಎತ್ತಿದ. "ಕಿವಿ ಇಡ್ರಿ ಸಾಹೇಬ್ರ! ದುಂಡವ್ವನ ಹಾಡು ನನ್ನ ಹೊಟ್ಟಿಗೂ ಬಂತು!"

ನಾನು ಕಿವಿಯಿಟ್ಟೆ. ನಿಜ. ಅದೇ ಏರು, ಅದೇ ಕೂರುವಿಕೆ, ಅದೇ ಮೆಟ್ಟಿಲಿಳಿತ. ಆದರೆ ದೊಡ್ಡವ್ವನದು ಒಬ್ಬರ ಗುನುಗಾದರೆ, ಇದು ಅದೇ ಹಾಡನ್ನು ಬ್ಯಾಂಡಿನವರು ಹಿಡಿದಂತಿತ್ತು.

"ತಲಿ ನೋವೇನಾದ್ರೂ?" ಎಂದೆ.

"ಸ್ವಲ್ಪ ಐತ್ರಿ. ಇಷ್ಟು ಮಂದಿ ಹಾಡೂ ಮುಂದ ಅಷ್ಟು ಇರೂದ." ಅವನ ಹಣೆ ಬಿಸಿಯಾಗಿತ್ತು, ಮುಖ ಮದುಮಗನಂತೆ ಹೊಳೆಯುತ್ತಿತ್ತು.

ಆಮೇಲೆ ದಿನಕ್ಕೊಬ್ಬಿಬ್ಬರ ಹೊಟ್ಟೆ ಹಾಡತೊಡಗಿತು. ನಮ್ಮ ಊರಿನವರು ಜನ್ಮದಿಂದ ಕಲಿತದ್ದು ಒಂದೇ ಲೆಕ್ಕ: ರೋಗವೆಂದರೆ ಗದ್ದಲ, ಅಪಸ್ವರ. ಇಷ್ಟು ಇಂಪಾದದ್ದು ರೋಗವಾದೀತು ಎಂದು ಯಾರಿಗೂ ತೋಚಲಿಲ್ಲ, ಮಣೆಯ ಬಳಿ ಕಿವಿಯಿಟ್ಟ ದೊಡ್ಡವ್ವನಿಗೂ. ವರ್ಷಾನುಗಟ್ಟಲೆ ಉಂಡ ಅನ್ನದ ಪುಣ್ಯ ಹಾಡಾಗಿ ಒಡೆದಿದೆ ಎಂದರು. ಹಾಡು ಬಂದವರು ಅಂಗಿಯ ಕೆಳಗಿನ ಗುಂಡಿ ಬಿಚ್ಚಿಕೊಂಡು ಪೇಟೆಯಲ್ಲಿ ತಿರುಗಿದರು. ಬಾರದವರು ಎರಡೆರಡು ಬಟ್ಟಲು ಪಚಡಿ ತಿಂದು, ಹೊಟ್ಟೆ ತಟ್ಟಿಕೊಂಡು ಕಾದರು. ಅಕ್ಕಪಕ್ಕ ಕೂತ ಇಬ್ಬರ ಹೊಟ್ಟೆಗಳು ಒಂದನ್ನೊಂದು ಕೇಳಿ ಲಯ ಹೊಂದಿಸಿಕೊಳ್ಳುತ್ತಿದ್ದವು. ಹಳೆಯ ವೈರಿಗಳು ಒಂದೇ ಬೆಂಚಿನ ಮೇಲೆ ಹೊಟ್ಟೆಗೆ ಹೊಟ್ಟೆ ತಾಗಿಸಿ ಕೂತದ್ದನ್ನು ನಾನೇ ಕಂಡಿದ್ದೇನೆ. ಮೈ ಬಿಸಿಯಾದರೆ ಹಾಡಿನ ಕಾವು ಎಂದರು. ಹಸಿವು ಹೋದರೆ ಹಾಡೇ ಹೊಟ್ಟೆ ತುಂಬಿಸಿದೆ ಎಂದರು. ಪುರಸಭೆಯ ಅಧ್ಯಕ್ಷರು ಸಭಾಭವನದಲ್ಲಿ ಸಂಗೀತ ಕಚೇರಿಯನ್ನೇ ಇಟ್ಟರು: ವೇದಿಕೆಯ ಮೇಲೆ ಹದಿನಾರು ಬರಿಹೊಟ್ಟೆಗಳು, ಪ್ರತಿ ಹೊಟ್ಟೆಗೆ ಒಂದು ಮೈಕು, ಮಧ್ಯದಲ್ಲಿ ಅಡಿವೆಪ್ಪ ಮಾಸ್ತರರು.

ನಾನು ಕೂಡ ತಲೆದೂಗಿದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಅಷ್ಟು ಚೆನ್ನಾಗಿತ್ತು. ಆದರೆ ಕಿವಿ ತಲೆದೂಗುತ್ತಿದ್ದಾಗ ಕೈ ತನ್ನ ಕೆಲಸ ಮಾಡುತ್ತಿತ್ತು. ವಿಠೋಬನ ಜ್ವರ ಪ್ರತಿ ಸಂಜೆ ಹಿಂದಿನ ಸಂಜೆಗಿಂತ ತುಸು ಮೇಲೇರುತ್ತಿತ್ತು. ಅಷ್ಟು ಜ್ವರಕ್ಕೆ ಓಡಬೇಕಾದ ನಾಡಿ ಸೋಮಾರಿಯಂತೆ ನಡೆಯುತ್ತಿತ್ತು. ಎದೆಯ ಮೇಲೆ ತೆಳುಗೆಂಪು ಚುಕ್ಕೆಗಳಿದ್ದವು. ಅವನದೂ ಇನ್ನಿಬ್ಬರದೂ ರಕ್ತವನ್ನು, ರೋಗಾಣುಗಳು ಹಾಡದಿರುವ ಆ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಕಳಿಸಿದ್ದೆ. ಕಚೇರಿಯ ದಿನ ಸಂಜೆ ಫೋನು ಬಂತು. ಮೂರರಲ್ಲೂ ಟೈಫಾಯ್ಡ್.

ನಾನು ಸಭಾಭವನಕ್ಕೆ ಓಡಿದಾಗ ಹಾಡು ಮೇಲಿನ ಸ್ಥಾಯಿಯಲ್ಲಿ ಕೂತಿತ್ತು, ಸಭೆ ಉಸಿರು ಹಿಡಿದಿತ್ತು. ಅದು ಇಳಿಯುವ ಮೊದಲೇ ಮಾಸ್ತರರು ಮೈಕಿನ ಸಮೇತ ಮುಂದಕ್ಕೆ ಬಿದ್ದರು. ಜನ ಚಪ್ಪಾಳೆ ತಟ್ಟಿದರು. ಭಾವಪರವಶರಾಗಿ ಸಾಷ್ಟಾಂಗ ಬಿದ್ದರು ಎಂದುಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರ್ ಜುಲೇಖಾ ನನ್ನನ್ನು ಹೊರಗೆ ಕರೆದು ಹೇಳಿದರು: "ಕರುಳಾಗ ಹುಣ್ಣಾಗಿ ರಕ್ತ ಹೋಗಾಕತ್ತೈತಿ ಇಂದುಧರ. ತೂತು ಬಿದ್ರ ಕಷ್ಟ. ಔಷಧ ಶುರುಮಾಡೀನಿ. ಉಳಿದವರು ತಡೀತಾರ, ಇವರಿಗೆ ವಯಸ್ಸಾಗೈತಿ. ಆದ್ರ ಇದು ಬಂದಿದ್ದು ಎಲ್ಲಿಂದ? ಅದನ್ನ ಮೊದಲು ಹಿಡೀರಿ."

ಎಲ್ಲಿಂದ ಎಂಬ ಪ್ರಶ್ನೆಗೆ ಊರಿನ ಹಸುಗೂಸೂ ಉತ್ತರ ಹೇಳಬಹುದಿತ್ತು, ಏಕೆಂದರೆ ಹಾಡು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅದು ನನ್ನ ತಲೆಯೊಳಗೆ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಖಾನಾವಳಿಯ ಅಡುಗೆಮನೆಯಲ್ಲಿ ಹೋಗಿ ಕೂತೆ. ದೊಡ್ಡವ್ವ ಹಿಟ್ಟು ನಾದುತ್ತಿದ್ದಳು, ಗುನುಗು ಎಂದಿನಂತೆ ನಡೆದಿತ್ತು. ಬಾಯಾರಿ, ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು. ಗಂಟಲು ನೀರು ನುಂಗುತ್ತಿತ್ತು. ಗುನುಗು ಹಾಗೆಯೇ ನಡೆದಿತ್ತು.

ಚಿಕ್ಕಂದಿನಿಂದ ಅದನ್ನು ನೋಡಿದ್ದೇನೆ. ನೀರು ಕುಡಿಯುತ್ತ ಹಾಡುವುದು ಯಾರಿಂದಲೂ ಆಗದು ಎಂದು ಅಂದಿನವರೆಗೂ ಹೊಳೆದಿರಲಿಲ್ಲ.

"ದೊಡ್ಡವ್ವ, ಇಲ್ಲಿ ನಿಂದ್ರು. ನಿನ್ನ ಹೊಟ್ಟಿಗೆ ಕಿವಿ ಇಡ್ತೀನಿ."

ಅವಳು ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು ನಕ್ಕಳು. "ಊರ ಹೊಟ್ಟಿಗೆಲ್ಲಾ ಕಿವಿ ಇಟ್ಟಾಕಿಗೆ ನೀ ಕಿವಿ ಇಡಾಂವೇನೋ? ನಿನ್ನ ಕುಂಡಿ ತೊಳದೀನಿ ನಾ!"

"ಅದಕ್ಕ ಕೇಳಾಕತ್ತೀನಿ. ಬ್ಯಾರೇದವರು ಕೇಳೂದಕ್ಕಿಂತ ನಾ ಕೇಳೂದು ಚಲೋ."

ಮಣೆಯ ಮೇಲೆ ಎಲ್ಲರನ್ನೂ ನಿಲ್ಲಿಸಿದವಳನ್ನು ಇದುವರೆಗೆ ಯಾರೂ ನಿಲ್ಲಿಸಿರಲಿಲ್ಲ. ಉಣ್ಣುವವರನ್ನು ಪರೀಕ್ಷಿಸಬೇಕು ಎಂದು ನಮಗೆ ಗೊತ್ತಿತ್ತು. ಉಣಬಡಿಸುವವಳನ್ನು ಪರೀಕ್ಷಿಸುವುದೆಂದರೆ ತಾಯಿಯನ್ನು ಅನುಮಾನಿಸಿದಂತೆ. ನಾನು ಕಿವಿಯನ್ನು ಅವಳ ಬಲಪಕ್ಕೆಯ ಕೆಳಗೆ ಇಟ್ಟೆ. ಅಲ್ಲಿ, ಪಿತ್ತಕೋಶದ ಜಾಗದಲ್ಲಿ, ಹಳೆಯ ಭಜನಾಮಂಡಳಿಯೊಂದು ಗೋಡೆಗೊರಗಿ ಕೂತು, ಯಾವ ಅವಸರವೂ ಇಲ್ಲದೆ ಹಾಡುತ್ತಿತ್ತು. ಗಂಟಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ನಿನಗ ಎಂದಾರ ದೊಡ್ಡ ಜ್ವರ ಬಂದಿತ್ತೇನು?"

"ಮದಿವ್ಯಾದ ವರ್ಷ ಬಂದಿತ್ತು. ತವರುಮನ್ಯಾಗ ತಿಂಗಳಗಟ್ಲೆ ಮಲಗಿದ್ದೆ. ಎದ್ದ ಮ್ಯಾಲ ನೋಡು ಹಾಡು ಹತ್ತಿದ್ದು. ಜ್ವರ ಬಿಟ್ಟ ಖುಷಿಗೆ ಹಾಡಾಕತ್ತಾಳ ಅಂತ ನಿಮ್ಮ ದೊಡ್ಡಪ್ಪಗ ಭಾಳ ಸೇರಿತ್ತು." ಅಷ್ಟು ಹೇಳಿ ನನ್ನ ಮುಖ ನೋಡಿದಳು. "ಯಾಕೋ ಇಂದ್ಯಾ, ಮುಖ ಯಾಕ ಹಂಗ ಮಾಡ್ದಿ?"

ನಾನು ಒಲೆಯ ಮುಂದೆ ಕೂತು ಹೇಳಿದೆ. ಉಗುರಿನ ಸಂದಿಯಲ್ಲಿ ಉಳಿದ ಟೈಫಾಯ್ಡಿನ ಮಂದಿ ಪಚಡಿಗೆ ಇಳಿಯುತ್ತಾರೆ. ರೊಟ್ಟಿಗಾದರೆ ಹೆಂಚಿನ ಬೆಂಕಿಯಿದೆ, ಪಚಡಿಗಿಲ್ಲ. ಹೊಟ್ಟೆಯ ಹುಳಿಯಲ್ಲಿ ಬಹಳಷ್ಟು ಮಂದಿ ಸಾಯುತ್ತಾರೆ, ಉಳಿದವರು ಸಣ್ಣ ಕರುಳಿನ ಗೋಡೆಗೆ ಬರುತ್ತಾರೆ. ಅಲ್ಲಿ ಬಾಗಿಲು ಒಡೆಯುವುದಿಲ್ಲ. ಸೂಜಿಯಂಥ ಕೊಳವೆಯಿಂದ ಗೋಡೆಯ ಜೀವಕೋಶಕ್ಕೆ ಏನನ್ನೋ ಚುಚ್ಚುತ್ತಾರೆ, ಅದು ತಾನಾಗಿಯೇ ತೋಳು ಚಾಚಿ ಇವರನ್ನು ಒಳಗೆ ಎಳೆದುಕೊಳ್ಳುತ್ತದೆ.

"ಬರ್ರಿ ಬರ್ರಿ ಅಂತ ತಾನ ಕರೀತೈತೇನು?" ಎಂದಳು ದೊಡ್ಡವ್ವ, ಉಣಬಡಿಸುವ ವೃತ್ತಿಯವಳ ಆಸಕ್ತಿಯಿಂದ.

"ಕರೀತೈತಿ. ಆಮ್ಯಾಲ ಹಿಡದು ನುಂಗಾಕ ಪೊಲೀಸ್ ಕೋಶ ಬರ್ತಾವು. ಇವರು ನುಂಗಿಸಿಕೊಂತಾರ. ನುಂಗಿದವನ ಹೊಟ್ಟ್ಯಾಗ ಸಾಯೂದು ಬಿಟ್ಟು ಅಲ್ಲೇ ಸಂಸಾರ ಹೂಡತಾರ. ಆ ಪೊಲೀಸನ್ನ ಟಾಂಗಾ ಮಾಡ್ಕೊಂಡು ಯಕೃತ್ತಿಗೆ, ಮಜ್ಜೆಗೆ, ಪಿತ್ತಕೋಶಕ್ಕ ಹೋಗ್ತಾರ."

"ಪೊಲೀಸರ ಮ್ಯಾಲ ಸವಾರಿ!" ದೊಡ್ಡವ್ವನಿಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು. ಆಮೇಲೆ ಇಬ್ಬರೂ ಸುಮ್ಮನಾದೆವು. ಗುನುಗು ಸುಮ್ಮನಾಗಲಿಲ್ಲ.

"ನಿನ್ನ ಪಿತ್ತಕೋಶದಾಗ ಹರಳು ಇರಬೇಕು. ಬಾವಿ ಕಲ್ಲಿನ ಮ್ಯಾಲ ಪಾಚಿ ಕಟ್ಟಿದಂಗ ಅವುಗಳ ಮ್ಯಾಲ ಕಟ್ಕೊಂಡು ಕುಂತಾರ. ಅಲ್ಲಿಂದ ಪಿತ್ತದ ಜೋಡಿ ಕರುಳಿಗೆ ಇಳೀತಾರ, ಹೊರಗ ಬರ್ತಾರ."

"ಹಂಗಾದ್ರ ಇಷ್ಟು ವರ್ಷ ಹಾಡಿದ್ದು ನಾ ಅಲ್ಲ?"

"ಅಲ್ಲ."

"ನನಗ ಒಂದು ದಿನಾ ಹೊಟ್ಟಿ ನೋಯಿಸಿಲ್ಲಲ್ಲೋ ಅವರು."

"ನಿನ್ನ ಜೋಡಿ ರಾಜಿ ಮಾಡ್ಕೊಂಡಾರ. ಮಾಸ್ತರ ಜೋಡಿ ಆಗಿಲ್ಲ."

ಪಿತ್ತಕೋಶವನ್ನು ತೆಗೆಸಿ, ಮೇಲೆ ಔಷಧ ತೆಗೆದುಕೊಂಡರೆ ಆ ಮಂದಿ ಹೋದಾರು ಎಂದೆ. ದೊಡ್ಡವ್ವ ಹಿಟ್ಟಿಗೆ ಬಟ್ಟೆ ಮುಚ್ಚಿ ಎದ್ದುನಿಂತಳು. "ಇಂದ್ಯಾ, ಊರಿಗೆ ನೀ ಸಾಹೇಬ. ಒಲೀ ಮುಂದ ಕುಂತಾಗ ನನ್ನ ಮಗ. ಈಗ ಯಾರು ಮಾತಾಡಾಕತ್ತೀರಿ?"

"ಇಬ್ಬರೂ."

"ನಿಮ್ಮ ದೊಡ್ಡಪ್ಪ ಹೋದ ರಾತ್ರಿ ಈ ಮನ್ಯಾಗ ನಂಜೋಡಿ ಯಾರಿದ್ರು? ಅದಿತ್ತು. ಅದನ್ನ ಕೊಯ್ದು ತಗಿ ಅಂತೀರಿ, ಇಬ್ಬರೂ ಕೂಡಿ. ಎದ್ದು ನಡೀರಿ, ಇಬ್ಬರೂ."

ನಾನು ಎದ್ದು ಹೋಗಿ, ಬಾಗಿಲ ಮಣೆಯನ್ನು ಒಳಗಿಟ್ಟು, 'ಖಾನಾವಳಿ ಬಂದ್' ಎಂಬ ಹಲಗೆ ತೂಗುಹಾಕಿದೆ. ದೊಡ್ಡವ್ವ ಹೊಸ್ತಿಲಲ್ಲಿ ನಿಂತು ಉರಿಗಣ್ಣಿನಿಂದ ನೋಡಿದಳು. ಅಷ್ಟು ಸಿಟ್ಟಿನಲ್ಲೂ ಪಕ್ಕೆಯ ಕೆಳಗೆ ಹಾಡು ಆರಾಮಾಗಿ ಮೆಟ್ಟಿಲಿಳಿಯುತ್ತಿತ್ತು. ಅದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು.

ಸುದ್ದಿ ಹಬ್ಬಿತು. ಕೆಳಗಿನ ಗುಂಡಿ ಬಿಚ್ಚಿಕೊಂಡು ತಿರುಗುತ್ತಿದ್ದವರು ಗುಂಡಿ ಹಾಕಿಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಂತರು. ಆದರೆ ಹಾಡನ್ನು ಬಿಟ್ಟುಕೊಡಲು ಊರಿಗೆ ಮನಸ್ಸಿರಲಿಲ್ಲ. ಅಧ್ಯಕ್ಷರು ನಾಲ್ಕು ಜನರನ್ನು ಕಟ್ಟಿಕೊಂಡು ದೊಡ್ಡವ್ವನ ಮನೆಗೆ ಬಂದು ಅತ್ಯಂತ ವಿವೇಕದ ದಾರಿಯೊಂದನ್ನು ಸೂಚಿಸಿದರು. "ದುಂಡವ್ವನವರ, ಕೊಯ್ಯೂದು ಯಾಕ್ರಿ? ಅಡಿಗಿ ಬಿಡ್ರಿ, ಹಾಡು ಇಟ್ಕೊಳ್ರಿ. ಸಭಾಭವನದಾಗ ಕುರ್ಚಿ ಹಾಕಿ ಕುಂಡ್ರಸ್ತೀವಿ. ನೀವು ಸುಮ್ಮ ಕುಂತ್ರ ಸಾಕು."

ವಿಜ್ಞಾನದ ದೃಷ್ಟಿಯಿಂದ ಅದರಲ್ಲಿ ತಪ್ಪಿರಲಿಲ್ಲ. ಅಡುಗೆಯಿಂದ ದೂರವಿದ್ದು, ಕೈ ಸರಿಯಾಗಿ ತೊಳೆದುಕೊಂಡರೆ ಅವಳಿಂದ ಯಾರಿಗೂ ಹೆಚ್ಚಿನ ಅಪಾಯವಿಲ್ಲ. ನಾನು ಹಾಗೆಯೇ ಹೇಳಿದೆ. ಒಲೆಯೋ ಹಾಡೋ, ಒಂದನ್ನು ಆರಿಸು ಎಂದೆ. ದೊಡ್ಡವ್ವ ಒಳಗೆ ಹೋದಳು. ಸೀರೆ ಬದಲಿಸಿಕೊಂಡು ಬಂದು, "ಮಾಸ್ತರನ್ನ ನೋಡಬೇಕು, ನಡಿ" ಎಂದಳು.

ಮಾಸ್ತರರು ಹಾಸಿಗೆಯಲ್ಲಿ ಒಗೆದು ಹಿಂಡಿದ ಬಟ್ಟೆಯಂತೆ ಬಿದ್ದಿದ್ದರು. ದೊಡ್ಡವ್ವನನ್ನು ಕಂಡು ತುಟಿ ಅಲ್ಲಾಡಿತು. "ಬಾ ದುಂಡವ್ವ. ನಿನ್ನ ಹಾಡು ಈಗ ನನ್ನ ಹೊಟ್ಟ್ಯಾಗ. ಇನ್ನ ನಮ್ಮಿಬ್ಬರ ನಡುವ ಮುಚ್ಚುಮರಿ ಏನುಳೀತು?"

"ಗಪ್ಪ ಮಲಗ್ರಿ. ಮೈಯಾಗ ಜೀವ ಇಲ್ಲ, ನಾಲಿಗಿ ಮಾತ್ರ ಕುಣೀತೈತಿ."

ಅವಳು ಹೊದಿಕೆ ಸರಿಸಿ, ಅವರ ಹೊಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದಳು. ತನ್ನದೇ ಹಾಡು ಇನ್ನೊಬ್ಬರ ಒಡಲಿನಿಂದ ಬರುವುದನ್ನು, ಮಣೆಯ ಅವಸರವಿಲ್ಲದೆ, ಅವಳು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ಮೊದಲು ಮುಖ ಅರಳಿತು. ಬಹಳ ಹೊತ್ತು ಹಾಗೆಯೇ ಇದ್ದಳು. ಆಮೇಲೆ ಹುಬ್ಬು ಗಂಟಾಯಿತು. ಕಿವಿಯನ್ನು ಇನ್ನೂ ಒತ್ತಿದಳು. ಸಟ್ಟನೆ ಎದ್ದಳು. ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು.

"ಅಡಿಗ್ಯಾಕಿಗೆ ಈ ಸಪ್ಪಳ ಗೊತ್ತಾಕ್ಕೈತೋ ಇಂದ್ಯಾ. ಹಾಡಿನ ಕೆಳಗ ಕೇಳು. ಪಂಕ್ತಿ ಕುಂತೈತಿ. ಹಾಡ್ಕೋತ ಉಣ್ಣಾಕತ್ತಾರ. ಇನ್ನೂ ಬಡಸ್ರಿ, ಇನ್ನೂ ಬಡಸ್ರಿ ಅಂತಾರ. ಆ ಮನಶ್ಯಾನ್ನ ಉಣ್ಣಾಕತ್ತಾರ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಮನೀಗೆ ಉಣ್ಣಾಕ ಬಂದವನ್ನ ಉಣ್ರಿ ಅಂತ ನಾನ ಮಂದಿ ಕಳಿಸಿದಂಗಾತಲ್ಲೋ."

"ನಿನಗ ಗೊತ್ತಿರಲಿಲ್ಲ, ದೊಡ್ಡವ್ವ."

"ಈಗ ಗೊತ್ತಾತಲ್ಲ." ಕಾರಿಡಾರಿನ ಕೊನೆಯವರೆಗೆ ನಡೆದು ಹೋಗಿ ಮರಳಿ ಬಂದಳು. "ಹಾಡೂದು ಬಿಟ್ಟು ಬದುಕಬಲ್ಲೆ. ಬಡಸೂದು ಬಿಟ್ಟು ಬದುಕಾಕ ಆಗೂದಿಲ್ಲ ನನಗ. ತಗಿಸು."

ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಅಂಗಳದಲ್ಲಿ ಊರು ಸಾಲುಗಟ್ಟಿ ನಿಂತಿತ್ತು. ದೊಡ್ಡವ್ವನ ಕಿವಿ ತಾಗದ ಹೊಟ್ಟೆ ಆ ಸಾಲಿನಲ್ಲಿ ಒಂದೂ ಇರಲಿಲ್ಲ. ಈಗ ಅವರೆಲ್ಲ ಅವಳ ಪಕ್ಕೆಗೆ ಕಿವಿಯಿಡಲು ಬಂದಿದ್ದರು. ಅವಳು ಕಲ್ಲುಬೆಂಚಿನ ಮೇಲೆ ರಾಣಿಯಂತೆ ಕೂತು, "ಒಬ್ಬೊಬ್ಬರಾಗಿ ಬರ್ರಿ. ಏ ವಿಠೋಬ, ಕಿವಿ ತೊಳದಿಯೇನು? ಮೀಸಿ ಚುಚ್ಚತೈತಿ, ಆಚೀ ಕಡೆ ತಿರುಗು" ಎಂದು ಗದರುತ್ತಿದ್ದಳು. ಅಧ್ಯಕ್ಷರು ಕಿವಿಯಿಟ್ಟವರು ಏಳಲೇ ಇಲ್ಲ. ಹಿಂದಿನವರು ಅವರ ಅಂಗಿ ಹಿಡಿದು ಎಬ್ಬಿಸಬೇಕಾಯಿತು. ನಾನು ಕೊನೆಯಲ್ಲಿ ಹೋದೆ. ನನ್ನ ತಲೆಯನ್ನು ಒಂದು ಕೈಯಿಂದ ಪಕ್ಕೆಗೆ ಒತ್ತಿಕೊಂಡಳು.

ಡಾಕ್ಟರ್ ಜುಲೇಖಾ ಪಿತ್ತಕೋಶವನ್ನು ಹೊರತೆಗೆದು ಸ್ಟೀಲಿನ ತಟ್ಟೆಯಲ್ಲಿಟ್ಟಾಗ ಅದು ಇನ್ನೂ ಹಾಡುತ್ತಿತ್ತಂತೆ. ತಟ್ಟೆಯ ಕಂಚುದನಿ ಸೇರಿ ಎಂದಿಗಿಂತ ಚೆನ್ನಾಗಿ ಕೇಳಿಸಿತಂತೆ. ನರ್ಸಮ್ಮನ ಕಾಲು ತಾಳ ಹಾಕುತ್ತಿದ್ದುದನ್ನು ಕಂಡು ತಾವು ಗದರಬೇಕೆಂದುಕೊಂಡರೂ, ತಮ್ಮ ಕಾಲೂ ಅದೇ ಕೆಲಸದಲ್ಲಿದ್ದುದರಿಂದ ಸುಮ್ಮನಾದರಂತೆ. ಔಷಧದ ದ್ರಾವಣಕ್ಕೆ ಇಳಿಸಿದಾಗ ಹಾಡು ಮೇಲಿನ ಸ್ಥಾಯಿಯಲ್ಲಿತ್ತು. ಒಂದೊಂದೇ ಮೆಟ್ಟಿಲು ಇಳಿಯಿತು. ಕೊನೆಯ ಮೆಟ್ಟಿಲು ತಲುಪುವ ಮೊದಲೇ ನಿಂತಿತು.

ಮಾಸ್ತರರು ಉಳಿದುಕೊಂಡರು. ಕರುಳು ತೂತು ಬೀಳಲಿಲ್ಲ. ಹೊಟ್ಟೆಯೊಳಗಿನ ಬ್ಯಾಂಡು ಔಷಧಕ್ಕೆ ಒಂದೊಂದೇ ವಾದ್ಯ ಕಳೆದುಕೊಂಡು, ಕೊನೆಗೆ ಒಂದು ಸಣ್ಣ ಕೀರಲಾಗಿ ಅಡಗಿತು. ದೊಡ್ಡವ್ವನ ಪರೀಕ್ಷೆಗಳನ್ನು ಮತ್ತೆ ಮತ್ತೆ ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿ, ಎಲ್ಲವೂ ಸ್ವಚ್ಛವೆಂದು ಬಂದ ಮೇಲೆ ನಾನು ಹಲಗೆ ಇಳಿಸಿ ಮಣೆಯನ್ನು ಹೊರಗಿಟ್ಟೆ. ಮಣೆಯ ಪಕ್ಕದಲ್ಲಿ ಒಂದು ನಲ್ಲಿ, ಒಂದು ಸಾಬೂನು. ಕಿವಿಯನ್ನು ಮೋಸಗೊಳಿಸುವ ಮಂದಿಯೂ ಇದ್ದಾರೆಂದು ಊರಿಗೆ ಈಗ ಗೊತ್ತಿತ್ತು. ಬಡಿಸುವವಳೇ ಮೊದಲು ಮೊಣಕೈವರೆಗೆ ತೊಳೆದುಕೊಂಡು, ಮಣೆಯ ಮೇಲೆ ನಿಂತಳು. ನಾನು ಕಿವಿಯಿಟ್ಟೆ. ಏನೂ ಇರಲಿಲ್ಲ. ಬರಿದಾದ ಮನೆಯಲ್ಲಿ ಕೇಳುವಂಥ, ಬಲು ದೊಡ್ಡ ಏನೂ ಇಲ್ಲ.

ಆ ಮಧ್ಯಾಹ್ನ ಖಾನಾವಳಿ ತುಂಬಿತ್ತು, ಆದರೆ ಯಾರೂ ಮಾತಾಡಲಿಲ್ಲ. ಲಯವಿಲ್ಲದೆ ದೊಡ್ಡವ್ವನ ಕೈ ತಡವರಿಸಿತು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮಂದಿ ತಪ್ಪು ಹೊತ್ತಿಗೆ ತುತ್ತು ಮುರಿದು, ಒಬ್ಬರ ಮುಖ ಒಬ್ಬರು ನೋಡಿ ತಲೆ ತಗ್ಗಿಸಿದರು. ಪಥ್ಯದ ಮೆತ್ತನೆಯ ಅನ್ನ ಉಣ್ಣಲು ಬಂದಿದ್ದ ಮಾಸ್ತರರು ಮಾತ್ರ ತಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದರು. ಹೊಟ್ಟೆ ಇನ್ನೂ ಹಸಿಯಾಗಿದೆ, ಬಿದ್ದು ಬಿದ್ದು ನಗಬೇಡಿರಿ ಎಂದು ಡಾಕ್ಟರರು ಅವರಿಗೆ ತಾಕೀತು ಮಾಡಿದ್ದರು.

"ಏನ್ ಸಾವಿನ ಮನ್ಯಾಗ ಕುಂತಂಗ ಕುಂತೀರಿ ಎಲ್ಲಾರು?" ಎಂದಳು ದೊಡ್ಡವ್ವ ಒಲೆಯ ಮುಂದಿನಿಂದ. ಅವಳು ಗಂಟಲು ಸರಿಮಾಡಿಕೊಂಡಳು. ತುಟಿ ಒದ್ದೆ ಮಾಡಿಕೊಂಡಳು. ಆಮೇಲೆ, ಜೀವಮಾನದಲ್ಲಿ ಮೊದಲ ಬಾರಿಗೆ, ತನ್ನ ಸ್ವಂತ ಗಂಟಲಿನಿಂದ ಹಾಡಿದಳು.

ಎಣ್ಣೆ ಕಾಣದ ಬಾಗಿಲನ್ನು ಎಮ್ಮೆಯೊಂದು ಕೊಂಬಿನಿಂದ ತೆರೆಯಲು ಹೊರಟಂತಿತ್ತು ಅದು. ಏರಬೇಕಾದಲ್ಲಿ ಎಡವಿತು. ಮೇಲೆ ಕೂರಬೇಕಾದಲ್ಲಿ ಜಾರಿತು. ಮೆಟ್ಟಿಲುಗಳನ್ನು ಇಳಿಯಲಿಲ್ಲ, ಉರುಳಿ ಬಿತ್ತು. ವಿಠೋಬನ ಬಾಯಿಯ ಮಜ್ಜಿಗೆ ಮೂಗಿನಿಂದ ಹೊರಗೆ ಬಂತು. ಅಧ್ಯಕ್ಷರು ರುಮಾಲಿನಲ್ಲಿ ಮುಖ ಮುಚ್ಚಿಕೊಂಡರು, ಭುಜಗಳು ಕುಣಿಯುತ್ತಿದ್ದವು.

"ನಗ್ತೀರೇನು? ಇದು ನಂದು! ನಂದು ಅಂದ್ರ ನಂದು, ಯಾರದೂ ಕಡ ತಂದಿದ್ದಲ್ಲ" ಎಂದು ಕೂಗಿ, ದೊಡ್ಡವ್ವ ಇನ್ನೂ ಒಂದು ಸ್ಥಾಯಿ ಮೇಲೆ ಹಿಡಿದಳು. ಹಿಡಿದ ಕೂಡಲೇ ರೊಟ್ಟಿ ಬಡಿಯುವ ಕೈ ಅದಕ್ಕೆ ಸೇರಿಕೊಂಡಿತು, ಅಡ್ಡಾದಿಡ್ಡಿ, ಪಟಪಟ, ಯಾವ ತಾಳಕ್ಕೂ ಸಿಗದಂತೆ.

"ದುಂಡವ್ವ, ಸಾಕು, ಹೊಲಿಗಿ ಇಲ್ಲದ ಹೊಟ್ಟಿ ಹರೀತೈತಿ" ಎಂದು ಅಡಿವೆಪ್ಪ ಮಾಸ್ತರರು ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ, ತಟ್ಟೆಯ ಮೇಲೆ ಬಾಗಿ ಬೇಡಿಕೊಂಡರು. "ನಿನ್ನ ಕಾಲಿಗೆ ಬೀಳ್ತೀನಿ, ನಿಂದರಸವ್ವಾ."

ಅವಳು ನಿಲ್ಲಿಸಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಸೀದು ಕರಿಯಾಗುತ್ತಿತ್ತು, ಅದರ ಕಡೆಗೂ ನೋಡಲಿಲ್ಲ.